ಮಾವನ ರಟ್ಟಿನ ಮೇಲಿನ ವಿಮಾನ

ಶಾಲೆಯ ಉಪಾಧ್ಯಾಯಿನಿಯರ ಕೋಣೆಯಲ್ಲಿ ನನ್ನ ಪಕ್ಕದ ಮೇಜು ಸ್ಟೆಲ್ಲಾಳದು. ಮೊನ್ನೆ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ನನ್ನ ಕೆಂಪು ಪೆನ್ಸಿಲು ಮುರಿಯಿತು. ಅವಳಲ್ಲಿ ಇನ್ನೊಂದು ಇದ್ದೇ ಇರುತ್ತದೆ ಎಂದುಕೊಂಡು, ಕೇಳದೆ ಅವಳ ಡ್ರಾಯರು ಎಳೆದೆ. ಕೇಳದೆ ಎಳೆದದ್ದು ತಪ್ಪು. ಎದುರು ಪಕ್ಷದವರು ಎತ್ತಿ ಆಡುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೆ ಒಳಗೆ ಕಂಡದ್ದನ್ನು ಕಂಡ ಮೇಲೂ ಬಾಯಿ ಮುಚ್ಚಿಕೊಂಡಿರುವುದು ನನ್ನಂಥವಳಿಂದ ಆಗುವ ಕೆಲಸವಲ್ಲ.

ಡ್ರಾಯರಿನ ತಳದ ತುಂಬ ಚಿತ್ರಗಳು. ಪತ್ರಿಕೆಗಳಿಂದ ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿ, ಮೈದಾ ಅಂಟಿನಲ್ಲಿ ಅಂಟಿಸಿದವು. ಒಂದು ಹಡಗು, ಒಂದು ಪಿಯಾನೋ, ಗುಲಾಬಿ ಬಳ್ಳಿ ಹಬ್ಬಿದ ಗೇಟಿನ ಮನೆ, ಮೂಲೆಯಲ್ಲೊಂದು ಕೈಗಡಿಯಾರ.

"ಏನೇ ಇದು?"

"ನನಗೆ ಬೇಕಾದದ್ದು," ಎಂದಳು ಸ್ಟೆಲ್ಲಾ, ಕಿವಿ ಕೆಂಪಗೆ ಮಾಡಿಕೊಂಡು. "ದಿನಾ ಡ್ರಾಯರ್ ತೆಗೆದಾಗ ಕಣ್ಣಿಗೆ ಬೀಳುತ್ತೆ. ಬಿದ್ದರೆ ಮನಸ್ಸು ಅತ್ತಲೇ ಇರುತ್ತೆ. ಮನಸ್ಸು ಅತ್ತಲೇ ಇದ್ದರೆ ಒಂದಲ್ಲ ಒಂದು ದಿನ ಆಗುತ್ತೆ."

"ಮನಸ್ಸು ಅತ್ತ ಹೋಗುತ್ತೆ, ಸರಿ. ಹಡಗು ಇತ್ತ ಬರುತ್ತಾ? ಬಂದರೆ ಎಲ್ಲಿಗೆ, ಕುಕ್ಕರಹಳ್ಳಿ ಕೆರೆಗಾ?"

"ಶುರುವಾಯ್ತು ಡಿಬೇಟ್ ರಾಣಿಯದು."

"ಆ ಪಿಯಾನೋ ನಿಮ್ಮ ಮನೆ ಬಾಗಿಲಲ್ಲಿ ಹಿಡಿಯುತ್ತಾ ಅಂತ ಅಳತೆ ಆದರೂ ನೋಡಿದೀಯಾ?"

ಅವಳು ಡ್ರಾಯರನ್ನು ಮೆಲ್ಲಗೆ ಒಳಕ್ಕೆ ತಳ್ಳಿದಳು. ಆಮೇಲೆ ಬಹಳ ಸೌಮ್ಯವಾಗಿ, ಇಗರ್ಜಿಯಲ್ಲಿ ಮಾತಾಡುವ ದನಿಯಲ್ಲಿ, ಕೇಳಿದಳು: "ಆಯ್ತು ಕಣೇ ಜಯಾ, ನಂದು ಹುಚ್ಚು. ನಿನ್ನ ಡ್ರಾಯರಿಗೆ ಒಂದೇ ಒಂದು ಚಿತ್ರ ಅಂಟಿಸು ಅಂದ್ರೆ ಏನು ಅಂಟಿಸ್ತೀಯ?"

ಬಾಯಿ ತೆರೆದೆ. ನಂಬಿ, ಮಾತು ಬರಲಿಲ್ಲ.

ಇದು ಸಾಮಾನ್ಯ ಸಂಗತಿಯಲ್ಲ. ಕಾಲೇಜಿನ ನಾಲ್ಕು ವರ್ಷ ನಾನು ಚರ್ಚಾಸ್ಪರ್ಧೆಗಳಲ್ಲೇ ಬೆಳೆದವಳು. ವೇದಿಕೆ ಹತ್ತುವ ಹತ್ತು ನಿಮಿಷ ಮೊದಲು ಚೀಟಿ ಎತ್ತುತ್ತಿದ್ದೆವು. 'ಪರ' ಎಂದು ಬಂದರೆ ಪರ, 'ವಿರೋಧ' ಎಂದು ಬಂದರೆ ವಿರೋಧ. ವಿಧಿ ಇದೆ ಎಂದು ಬೆಳಿಗ್ಗೆ ಸಾಧಿಸಿ, ಇಲ್ಲವೆಂದು ಮಧ್ಯಾಹ್ನ ಸಾಧಿಸಿ, ಎರಡಕ್ಕೂ ಚಪ್ಪಾಳೆ ಗಿಟ್ಟಿಸಿಕೊಂಡು ಮನೆಗೆ ಬಂದು ತಣ್ಣಗೆ ಉಪ್ಪಿಟ್ಟು ತಿಂದದ್ದಿದೆ. ಆ ಕಸರತ್ತಿನಿಂದ ಏನನ್ನೂ ನಂಬದಿರುವುದು ಅಭ್ಯಾಸವಾಯಿತು. ಅಭ್ಯಾಸವಾದದ್ದನ್ನೇ ಬುದ್ಧಿ ಎಂದುಕೊಂಡೆ.

ಸ್ಟೆಲ್ಲಾ ಕೇಳಿದಾಗ ಬಾಯಿ ಕಟ್ಟಿದ್ದು ಚಿತ್ರ ಇಲ್ಲವೆಂದಲ್ಲ. ಒಂದು ಚಿತ್ರ ಕಣ್ಣ ಮುಂದೆ ಬಂದುಬಿಟ್ಟಿತು. ಅದು ನನ್ನದಲ್ಲ, ಮಾವನದು. ಅದನ್ನು ಹಾಳುಮಾಡಿದವಳು ಮಾತ್ರ ನಾನು.

ಮಾವ ಎಂದರೆ ನಮ್ಮ ತಾಯಿಯ ತಮ್ಮ. ನಮ್ಮ ಹಳ್ಳಿ ಹಿನಕಲ್ಲಿನಲ್ಲಿ ಎಲ್ಲರೂ ರಾಗಿ ಬೆಳೆಯುತ್ತಿದ್ದಾಗ ಇವರೊಬ್ಬರು ಹೊಲಿಗೆ ಕಲಿತು ಮೈಸೂರಿಗೆ ಬಂದು, ಒಂಟಿಕೊಪ್ಪಲಿನಲ್ಲಿ ಬೀದಿಗೆ ಮುಖ ಮಾಡಿದ ಒಂದು ಮನೆ ಹಿಡಿದರು. ಮುಂದಿನ ಕೋಣೆ ಅಂಗಡಿ, ಹಿಂದಿನದು ಸಂಸಾರ. ನಾನು ಹೈಸ್ಕೂಲಿಗೆ ಸೇರಿದಾಗಿನಿಂದ ಅವರ ಮನೆಯಲ್ಲೇ ಇದ್ದೇನೆ. ನನ್ನ ಪಾಠಗಳೆಲ್ಲ ಹೊಲಿಗೆ ಯಂತ್ರದ ತಾಳಕ್ಕೆ ಬಾಯಿಪಾಠವಾದವು. ಈಗಲೂ ಗೋಡೆಯಾಚೆ ಆ ಸದ್ದು ನಿಂತರೆ ಓದುತ್ತಿದ್ದ ಸಾಲು ತಪ್ಪುತ್ತದೆ.

ಬಟ್ಟೆಯ ಥಾನು ಸುತ್ತಿಕೊಂಡು ಬರುವ ಉದ್ದನೆಯ ರಟ್ಟು ಇದೆಯಲ್ಲ, ಮಾವ ಅಂಥ ನಾಲ್ಕನ್ನು ಜೋಡಿಸಿ ದಪ್ಪ ದಾರದಲ್ಲಿ ಹೊಲಿದು ಒಂದು ಹಲಗೆಯಷ್ಟು ಅಗಲ ಮಾಡಿದ್ದರು. ಯಂತ್ರದ ಎದುರು ಗೋಡೆಗೆ ಅದನ್ನು ತೂಗುಹಾಕಿ, ಮೇಲೆ ಗುಂಡುಸೂಜಿಯಲ್ಲಿ ಚಿತ್ರ ಚುಚ್ಚುತ್ತಿದ್ದರು. ಗೋಡೆ ಗಡಿಯಾರದ ಚಿತ್ರ. ಅತ್ತೆಗೆ ಬೇಕೆಂದು ಸೀಮೆಎಣ್ಣೆ ಸ್ಟವ್ವಿನ ಚಿತ್ರ. ನಾನು ಕಾಲೇಜು ಸೇರಬೇಕೆಂದು ಯಾವುದೋ ಊರಿನ, ಯಾವುದೋ ದೊಡ್ಡ ಕಟ್ಟಡದ ಚಿತ್ರ. ಅದು ಕಾಲೇಜೋ ಜೈಲೋ ಎಂದು ನನಗೆ ಕೊನೆಯವರೆಗೂ ಅನುಮಾನವಿತ್ತು. ಬಯಸಿದ್ದು ಕೈಗೆ ಬಂದ ದಿನ ಆ ಚಿತ್ರವನ್ನು ಬಿಚ್ಚಿ ರಟ್ಟಿನ ಹಿಂಬದಿಗೆ ಚುಚ್ಚುವುದು ಅವರ ನಿಯಮ. ಮುಂದೆ ಬೇಕಾದ್ದು, ಹಿಂದೆ ಬಂದದ್ದು. ಸ್ಟವ್ವು ಹಿಂದಕ್ಕೆ ಹೋಯಿತು. ಗಡಿಯಾರ ಹೋಯಿತು. ನಾನು ಕಾಲೇಜಿಗೆ ಸೇರಿದ ದಿನ ಆ ಜೈಲೂ ಹಿಂದಕ್ಕೆ ಹೋಯಿತು.

"ಮಾವ, ನಾನು ಸೇರಿದ್ದು ಪರೀಕ್ಷೆಯಲ್ಲಿ ನಂಬರು ಬಂದದ್ದಕ್ಕೆ. ನೀವು ಸೂಜಿ ಚುಚ್ಚಿದ್ದಕ್ಕಲ್ಲ."

"ಯಾರವ್ವಾ ಇಲ್ಲ ಅಂದೋರು?"

"ಮತ್ತೆ ಆ ಚಿತ್ರ ಯಾಕೆ?"

"ಹೊಲ್ಗೆ ಅಂದ್ರೆ ಬಗ್ಗಿದ ತಲೆ ಕಣವ್ವ. ಒಂದೊಂದ್ಸಲ ಎತ್ತಿದಾಗ ಎದ್ರುಗಡೆ ಏನಾರ ಇರ್ಬೇಕಲ್ಲ? ಬರೀ ಸುಣ್ಣದ ಗೋಡೆ ನೋಡ್ಕೊಂಡು ಎಷ್ಟು ದಿನ ಹೊಲಿಯೋದು?"

ಇದು ವಾದವೇ ಅಲ್ಲ ಎಂದು ನಾನು ಬೆರಳು ಮಡಚಿ ಮೂರು ಅಂಶ ಹೇಳುತ್ತಿದ್ದೆ. ಗುಂಡಿಗೆ ಕಾಜಾ ಹೊಲಿಸಲು ಬಂದ ಗಿರಾಕಿಗಳು ನಿಂತು ಕೇಳುತ್ತಿದ್ದರು. "ನಿಮ್ಮ ಸೊಸೆ ಲಾಯರ್ ಆಗ್ಲಿ ಸಿದ್ದಣ್ಣ" ಎಂದು ಹೋಗುತ್ತಿದ್ದರು. ಮಾವ ನನ್ನ ವಾದಕ್ಕೆ ಉತ್ತರ ಕೊಡುತ್ತಿರಲಿಲ್ಲ, ಹೆಮ್ಮೆ ಪಡುತ್ತಿದ್ದರು. ಉತ್ತರ ಕೊಡದೆ ಹೆಮ್ಮೆ ಪಡುವವರನ್ನು ಸೋಲಿಸುವ ಬಗೆಯನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ರಟ್ಟಿನ ನಟ್ಟನಡುವೆ, ಎಷ್ಟು ವರ್ಷವಾದರೂ ಹಿಂದಕ್ಕೆ ಹೋಗದೆ ಉಳಿದದ್ದು ವಿಮಾನ. ಟೈರು ಅಂಗಡಿಯ ಕ್ಯಾಲೆಂಡರಿನ ದಪ್ಪ ಹಾಳೆ. ನೀಲಿ ಆಕಾಶ, ಬೆಳ್ಳಿ ಬಣ್ಣದ ವಿಮಾನ. ಯುದ್ಧದ ಕಾಲದಲ್ಲಿ ಮಂಡಕಳ್ಳಿಯ ಬಯಲಿನಲ್ಲಿ ವಿಮಾನ ಇಳಿಯುತ್ತದೆಂದು ಕೇಳಿ ಮಾವ ಸೈಕಲ್ ತುಳಿದುಕೊಂಡು ಹೋಗಿ ಬೇಲಿಯಾಚೆ ನಿಲ್ಲುತ್ತಿದ್ದರಂತೆ.

"ಅದರ ಹೊಟ್ಟೆ ನೋಡಿವ್ನಿ, ರೆಕ್ಕೆ ನೋಡಿವ್ನಿ. ಅದು ಏನ್ ನೋಡುತ್ತೋ ಅದ ನೋಡಿಲ್ಲ. ಬಟ್ಟೆ ಮೇಜಿನ್ ಮ್ಯಾಲೆ ಹರಡ್ತೀವಲ್ಲ, ಅಂಗೆ ನಮ್ಮೂರ್ನ ಹರಡ್ಕೊಂಡು ಮೇಲಿಂದ ಒಂದ್ಸಲ ನೋಡ್ಬೇಕು. ಒಂದೇ ಸಲ."

"ಚಾಮುಂಡಿ ಬೆಟ್ಟ ಹತ್ತಿದರೆ ಕಾಣಲ್ವಾ?"

"ಅದು ಪಕ್ಕದಿಂದ ನೋಡಿದಂಗೆ. ಮೇಲಿಂದಲ್ಲ. ಕತ್ತರಿ ಹಾಕೋನಿಗೆ ಗೊತ್ತಾಗುತ್ತೆ ಬುಡು ಎರಡಕ್ಕೂ ಇರೋ ವ್ಯತ್ಯಾಸ."

ಹತ್ತು ಜನ್ಮ ಕಳೆದರೂ ಈ ಚಿತ್ರ ಹಿಂದಕ್ಕೆ ಹೋಗುವುದಿಲ್ಲ ಎಂದು ನಾನು ತೀರ್ಪು ಕೊಟ್ಟೆ. ಮಾವ ತೀರ್ಪು ಕೇಳಿ ಸೂಜಿಗೆ ದಾರ ಪೋಣಿಸಿದರು.

ತೀರ್ಪು ತಪ್ಪಿತು. ಮಂಡಕಳ್ಳಿಗೆ ಆಗಾಗ ಒಂದು ಪುಟ್ಟ ವಿಮಾನ ತರುತ್ತಿದ್ದ ತರುಣ ಪೈಲಟ್ ಒಬ್ಬರು, ತಂಗಿಯ ಮದುವೆಗೆ ಎರಡು ದಿನವಿರುವಾಗ ತೋಳು ಹರಿದ ಕೋಟು ಹಿಡಿದುಕೊಂಡು ನಮ್ಮ ಅಂಗಡಿಗೆ ಬಂದರು. ಹರಿದದ್ದು ಎಲ್ಲಿ ಎಂದು ಅವರಿಗೇ ಗೊತ್ತಾಗದಂತೆ ಮಾವ ಅದನ್ನು ಸೇರಿಸಿಕೊಟ್ಟರು. ಕೋಟು ಹಾಕಿಕೊಂಡು ಕನ್ನಡಿಯಲ್ಲಿ ನೋಡುತ್ತಿದ್ದ ಪೈಲಟ್‌ಗೆ ಬೆನ್ನ ಹಿಂದಿನ ರಟ್ಟೂ ಕಂಡಿತು.

"ಇದ್ಯಾಕೆ ವಿಮಾನ ಹಾಕಿದೀರಿ?"

ಮಾವ ನಾಚಿಕೊಂಡರು. ನಾನು ಹೇಳಿಬಿಟ್ಟೆ, ನಗುತ್ತಾ, ಇಂಥ ಹುಚ್ಚುಂಟೇ ಎಂಬ ಧಾಟಿಯಲ್ಲಿ. ಪೈಲಟ್ ನಗಲಿಲ್ಲ. "ಭಾನುವಾರ ಬೆಳಿಗ್ಗೆ ಬನ್ನಿ," ಎಂದರು.

ಶನಿವಾರದವರೆಗೂ ಮಾವ ಊಟ ಸರಿಯಾಗಿ ಮಾಡಲಿಲ್ಲ. ಊರಿಗೆಲ್ಲ ಕೋಟು ಹೊಲಿದ ಮನುಷ್ಯ ತನಗೆಂದು ಮೊದಲ ಸಲ ಒಂದು ಕೋಟು ಹೊಲಿದುಕೊಂಡರು. ಗಾಳಿಗೆ ಹಾರದಿರಲೆಂದು ಗುಂಡಿಗಳನ್ನು ಎರಡು ಸುತ್ತು ಹೆಚ್ಚು ಹೊಲಿದರು. "ನೀನೂ ಬಾರವ್ವ, ಸಾಕ್ಷಿಗೆ," ಎಂದರು ನನಗೆ. ಭಾನುವಾರ ಅವರ ಸೈಕಲ್ಲಿನ ಕ್ಯಾರಿಯರಿನ ಮೇಲೆ ಕೂತು ನಂಜನಗೂಡು ರಸ್ತೆಯ ಮರಗಳ ನೆರಳಲ್ಲಿ ಹೋದೆ. ದಾರಿಯುದ್ದಕ್ಕೂ ಹಿಂದಿನಿಂದ ಅವರ ಹೊಸ ಕೋಟಿನ ಬೆನ್ನೇ ನನಗೆ ಕಾಣುತ್ತಿದ್ದದ್ದು. ಒಂದು ಸುಕ್ಕಿರಲಿಲ್ಲ.

ಬಯಲಿನಲ್ಲಿ ನಿಂತಿದ್ದ ವಿಮಾನ ನೋಡಿ ನನಗೆ ನಗು ಬಂತು. ಕ್ಯಾಲೆಂಡರಿನ ಬೆಳ್ಳಿಯೆಲ್ಲಿ, ಇದೆಲ್ಲಿ! ಎರಡಂತಸ್ತಿನ ರೆಕ್ಕೆ, ಕೂರಲು ಒಂದರ ಹಿಂದೊಂದು ಎರಡು ತೆರೆದ ಗುಳಿಗಳು. ಒಂದರಲ್ಲಿ ಪೈಲಟ್, ಇನ್ನೊಂದರಲ್ಲಿ ಒಬ್ಬರೇ ಒಬ್ಬರು. ಮಾವ ಮಾತ್ರ ಹತ್ತಿರ ಹೋದವರು ರೆಕ್ಕೆಯ ಮೇಲೆ ಅಂಗೈ ಇಟ್ಟರು. ಇಟ್ಟ ಕೈ ಅಲ್ಲೇ ನಿಂತಿತು.

"ಬಟ್ಟೆ!" ಎಂದರು. "ಪುಟ್ಟವ್ವಾ, ಬಟ್ಟೆ ಕಣೇ ಇದು! ಒಳಗೆ ಹೊಲ್ಗೆ ಐತೆ. ಯಾರು ಸಾರ್ ಹೊಲಿದೋರು? ಕೈ ಹೊಲ್ಗೆ!"

ಪೈಲಟ್ ಕಾಯುತ್ತಿದ್ದರೆ ಇವರು ರೆಕ್ಕೆಯ ಉದ್ದಕ್ಕೂ ಬೆರಳಾಡಿಸಿ, ಕಣ್ಣುಮುಚ್ಚಿ, ಹೊಲಿಗೆ ಹೊಲಿಗೆಗೂ ಎಷ್ಟು ಅಂತರ ಎಂದು ಎಣಿಸುತ್ತಾ ಹೋದರು. ಆಚೆ ತುದಿ ಮುಟ್ಟಿ, ಕೆಳಗಿನ ರೆಕ್ಕೆ ಹಿಡಿದು ಈಚೆಗೆ ಬಂದರು. ಅಷ್ಟರಲ್ಲಿ ಗಾಳಿ ಎದ್ದಿತು. ಪೈಲಟ್ ಆಕಾಶ ನೋಡಿ, "ಈಗ ಒಂದೇ ಸುತ್ತು ಆಗೋದು, ಬೇಗ ಹತ್ತಿ," ಎಂದರು. ಮಾವ ಕಾಲು ಎತ್ತಿ ಮೆಟ್ಟಿಲ ಮೇಲೆ ಇಟ್ಟರು. ಇಟ್ಟವರು ತಿರುಗಿ ನನ್ನನ್ನು ನೋಡಿದರು. ಕಾಲು ತೆಗೆದರು.

"ಇವಳ್ನ ಕರ್ಕೊಂಡೋಗಿ ಸಾರ್."

"ಮಾವ! ನಾನ್ಯಾಕೆ?"

"ನಾನು ನೋಡ್ಕೊಂಡು ಬಂದ್ರೆ ನನ್ನೊಳಗೇ ಇರುತ್ತೆ ಕಣವ್ವ. ನಂಗೆ ಹೇಳಕ್ಕೆ ಬರಲ್ಲ. ನಿಂಗೆ ಮಾತು ಬತ್ತದೆ. ನೀ ನೋಡ್ಕೊಂಡು ಬಂದು ಹೇಳು. ನಿಮ್ಮತ್ತೆಗೂ ಆಯ್ತದೆ, ನಂಗೂ ಆಯ್ತದೆ."

ತಮ್ಮ ಹೊಸ ಕೋಟು ಬಿಚ್ಚಿ ನನಗೆ ತೊಡಿಸಿ, ಕತ್ತಿನವರೆಗೂ ಗುಂಡಿ ಹಾಕಿದರು. ನಾನು ಬೇಡವೆಂದು ಮೂರು ಅಂಶ ಹೇಳಬಹುದಿತ್ತು. ಒಂದೂ ಹೇಳಲಿಲ್ಲ. ಹದಿನೇಳರ ಹುಡುಗಿ, ಎದುರಿಗೆ ವಿಮಾನ. ವಾದ ಎಲ್ಲಿ ಹೋಯಿತೋ.

ಮೇಲೆ ನಾನು ಕಂಡದ್ದನ್ನು ಮುಂದೆ ಹೇಳುತ್ತೇನೆ. ಈಗ ಇಳಿದದ್ದನ್ನು ಹೇಳಬೇಕು. ಕಾಲು ನೆಲ ಮುಟ್ಟಿದಾಗ ಮೈ ನನ್ನದಾಗಿರಲಿಲ್ಲ. ಮಾವ ಬರೀ ಷರಟಿನಲ್ಲಿ ಓಡಿ ಬರುತ್ತಿದ್ದರು, ಒಂದು ಕೈಯಿಂದ ಟೋಪಿ ಹಿಡಿದುಕೊಂಡು. ಆ ಮುಖ! ಬಾಯಿ ಅರ್ಧ ತೆರೆದಿದೆ, ನನ್ನ ಮಾತು ಬೀಳುವುದನ್ನೇ ಕಾಯುತ್ತಿದೆ.

"ಎಂಗಿತ್ತವ್ವಾ?"

ನಾನು ಹೇಳಿದೆ: "ಏನಿಲ್ಲ ಮಾವ. ಬಸ್ಸಿನ ಹಾಗೇ. ಸದ್ದು ಜಾಸ್ತಿ, ಅಷ್ಟೆ."

ಯಾಕೆ ಹೇಳಿದೆ? ಇದರ ಬಗ್ಗೆ ಏಳು ವರ್ಷದಿಂದ ನನ್ನೊಳಗೆ ಚರ್ಚೆ ನಡೆದಿದೆ. ಪರ ಪಕ್ಷ ಹೇಳುತ್ತದೆ: ಕನಿಕರದಿಂದ. ಅಷ್ಟು ಚೆಂದವಿತ್ತು ಎಂದರೆ ಬಿಟ್ಟುಕೊಟ್ಟ ಮನುಷ್ಯನ ಹೊಟ್ಟೆ ಉರಿಯುವುದಿಲ್ಲವೇ, ಕಳೆದುಕೊಂಡದ್ದು ಚಿಕ್ಕದಾಗಿ ಕಾಣಲಿ ಎಂದು ಹೇಳಿದಳು. ವಿರೋಧ ಪಕ್ಷ ಎದ್ದು ನಿಲ್ಲುತ್ತದೆ: ಸುಳ್ಳು. ವರ್ಷಗಟ್ಟಲೆ ಅದರಲ್ಲೇನಿದೆ ಎಂದು ವಾದಿಸಿದವಳು, ಅದರಲ್ಲಿ ಎಲ್ಲವೂ ಇದೆ ಎಂದು ಒಪ್ಪಿದರೆ ಸೋತಂತಾಗುತ್ತಿತ್ತು. ಸೋಲಲು ಮನಸ್ಸಿರಲಿಲ್ಲ. ನಾನು ತೀರ್ಪುಗಾರ್ತಿಯಾಗಿದ್ದರೆ ವಿರೋಧ ಪಕ್ಷಕ್ಕೇ ಬಹುಮಾನದ ಢಾಲು ಕೊಡುತ್ತಿದ್ದೆ.

"ಔದಾ?" ಎಂದರು ಮಾವ. "ಬಸ್ಸಿನಂಗೇನಾ?" ಟೋಪಿ ತೆಗೆದು ಕೊಡವಿದರು. ಮನೆ ಸೇರಿದಾಗ ಅತ್ತೆ ಓಡಿಬಂದು, "ಎಂಗಿತ್ತಂತೆ?" ಎಂದರೆ ಅವರೇ ಹೇಳಿದರು: "ಬಸ್ಸಿನಂಗೇ ಅಂತೆ ಕಣೇ." ನನ್ನ ಮಾತನ್ನು ಮಾವ ಯಾವತ್ತೂ ಅನುಮಾನಿಸಿದವರಲ್ಲ. ಓದಿದವಳು, ಬಹುಮಾನ ಗೆದ್ದವಳು; ನಾನು ಬಸ್ಸು ಅಂದರೆ ಅದು ಬಸ್ಸೇ.

ಮಾರನೆಯ ದಿನ ಕಾಲೇಜಿನಿಂದ ಬಂದಾಗ ರಟ್ಟಿನ ನಡುವೆ ಖಾಲಿ ಜಾಗ. ಚಿತ್ರ ಇದ್ದಲ್ಲಿ ರಟ್ಟಿನ ಬಣ್ಣ ಇನ್ನೂ ಹೊಸದಾಗಿತ್ತು. ಹಿಂದಕ್ಕೆ ಹೋಗಿರಬೇಕು, ನಾನು ಹತ್ತಿದೆನಲ್ಲ, ಲೆಕ್ಕಕ್ಕೆ ಬಂದಿರಬೇಕು ಎಂದು ರಟ್ಟನ್ನು ಮಗುಚಿ ನೋಡಿದೆ. ಅಲ್ಲೂ ಇರಲಿಲ್ಲ. ಕೇಳಲು ಧೈರ್ಯವಾಗಲಿಲ್ಲ. ವಾರ ಕಳೆದ ಮೇಲೆ ಮಾವ ಒಂದು ಷರಟಿನ ಕಾಲರು ಕತ್ತರಿಸುತ್ತಿದ್ದಾಗ ಬಟ್ಟೆಯ ಮೇಲಿಟ್ಟಿದ್ದ ಮಾದರಿ ಕಾಗದ ಕಣ್ಣಿಗೆ ಬಿತ್ತು. ಕಾಲರಿನ ಆಕಾರದಲ್ಲಿ ಕತ್ತರಿಸಿದ ದಪ್ಪ ಹಾಳೆ. ಅದರ ಮೇಲೆ ಒಂದಿಷ್ಟು ನೀಲಿ, ಒಂದು ಬೆಳ್ಳಿ ಬಾಲ. ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು ಮಾವ ಪಕ್ಕಕ್ಕಿಟ್ಟರು. ಒಳ್ಳೆಯ ದಪ್ಪ ಕಾಗದ, ಸುಮ್ಮನೆ ಎಸೆಯುವುದು ಯಾಕೆ?

ಆ ಖಾಲಿ ಜಾಗಕ್ಕೆ ಮಾವ ಮತ್ತೇನನ್ನೂ ಚುಚ್ಚಲಿಲ್ಲ. ಬೇರೆ ಚಿತ್ರಗಳು ಬಂದವು, ಹೋದವು. ನಡುವಿನದು ಹಾಗೇ ಉಳಿಯಿತು. ಹೊಲಿಯುತ್ತಾ ಹೊಲಿಯುತ್ತಾ ತಲೆ ಎತ್ತುತ್ತಾರೆ, ಅಲ್ಲಿ ನೋಡುತ್ತಾರೆ, ಮತ್ತೆ ಬಗ್ಗುತ್ತಾರೆ. ಒಂದೇ ಮನೆಯಲ್ಲಿ ಏಳು ವರ್ಷ ಇದನ್ನು ನೋಡಿಕೊಂಡು ಅನ್ನ ಉಂಡಿದ್ದೇನೆ. ಹೆದರಿ ಹತ್ತಲಿಲ್ಲವೇನೋ ಎಂದೂ ಒಮ್ಮೆ ವಾದಿಸಿ ನೋಡಿದೆ, ನನ್ನ ತಪ್ಪು ಹಗುರಾಗಲೆಂದು. ನಿಲ್ಲಲಿಲ್ಲ. ಹೆದರಿದ ಮನುಷ್ಯ ಅಕ್ಕನ ಮಗಳನ್ನು ಹತ್ತಿಸುತ್ತಾನೆಯೇ? ಹೊಲಿಗೆ ಗಟ್ಟಿ ಇದೆಯೆಂದು ಬೆರಳಿನಿಂದ ತಿಳಿದುಕೊಂಡ ಮೇಲೆಯೇ ಅಲ್ಲವೇ ಹತ್ತಿಸಿದ್ದು?

ಸ್ಟೆಲ್ಲಾಳಿಗೆ ಇದನ್ನೆಲ್ಲ ಹೇಳಲಿಲ್ಲ. "ಬೇಕಾದ್ದು ಒಂದಿದೆ, ಆದರೆ ಅದು ಚಿತ್ರಕ್ಕೆ ಸಿಗಲ್ಲ," ಎಂದೆ. "ಸಿಗದಿದ್ರೆ ಹೋಗಿ ಇಸ್ಕೊಂಡ್ ಬಾ," ಎಂದಳು ಅವಳು, ಕೆಂಪು ಪೆನ್ಸಿಲು ನನ್ನ ಕೈಗಿಡುತ್ತಾ. ವಾದದಲ್ಲಿ ಇದಕ್ಕೆ ಏನೂ ಅರ್ಥವಿಲ್ಲ. ಆದರೂ ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಟ್ಟು ಸೀದಾ ಯಂತ್ರದ ಮುಂದೆ ನಿಂತೆ.

ಮಾವ ಒಂದು ಪ್ಯಾಂಟಿನ ಅಂಚು ಮಡಚಿ ಹೊಲಿಯುತ್ತಿದ್ದರು. ಈಗ ಕನ್ನಡಕ ಬಂದಿದೆ.

"ಮಾವ, ಅವತ್ತು ಬಸ್ಸಿನ ಹಾಗೇ ಅಂದಿದ್ದೆನಲ್ಲ, ಅದು ಸುಳ್ಳು."

"ಯಾವತ್ತು?"

"ಮಂಡಕಳ್ಳಿಲಿ."

ಕಾಲು ನಿಂತಿತು. ಚಕ್ರ ಒಂದು ಸುತ್ತು ತಾನೇ ತಿರುಗಿ ಆಮೇಲೆ ನಿಂತಿತು. ಮಾವ ನನ್ನನ್ನು ನೋಡಲಿಲ್ಲ. ಪ್ಯಾಂಟಿನ ಅಂಚನ್ನು ಉಗುರಿನಿಂದ ನೀವುತ್ತಾ ಕೂತರು.

ಹೇಳಿದೆ. ನೆಲ ಬಿಟ್ಟ ಗಳಿಗೆ ಹೊಟ್ಟೆ ಒಂದು ಕಡೆ, ನಾನು ಒಂದು ಕಡೆ ಆದದ್ದು. ಆಮೇಲೆ ಇದ್ದಕ್ಕಿದ್ದಂತೆ ಎಲ್ಲ ನಿಧಾನವಾದದ್ದು, ನಾವು ಹೋಗುತ್ತಲೇ ಇಲ್ಲ, ಊರೇ ಯಾರೋ ಎಳೆದಂತೆ ಕೆಳಗೆ ಸರಿಯುತ್ತಿದೆ ಅನ್ನಿಸಿದ್ದು. ಚಾಮುಂಡಿ ಬೆಟ್ಟ ಎತ್ತರವೇ ಇಲ್ಲದೆ ಮಲಗಿದ ಎಮ್ಮೆಯ ಹಾಗೆ ಕಂಡದ್ದು. ನಂಜನಗೂಡು ರಸ್ತೆಯ ಎರಡೂ ಬದಿಯ ಮರಗಳು ಒಂದೇ ಸಮನೆ ಹಾಕಿದ ಹಸಿರು ಹೊಲಿಗೆಯಾಗಿದ್ದದ್ದು. ಗದ್ದೆ ಒಂದು ತುಂಡು, ಹೊಲ ಒಂದು ತುಂಡು, ಕೆಮ್ಮಣ್ಣು ಒಂದು ತುಂಡು, ಯಾರದೋ ಮೇಜಿನ ಮೇಲೆ ಹರಡಿ ಬಿಟ್ಟು ಹೋದ ಹಾಗೆ. ದೂರದಲ್ಲಿ ಅರಮನೆ, ಇನ್ನೂ ಆಚೆಗೆ ಕುಕ್ಕರಹಳ್ಳಿ ಕೆರೆ ಬಿಸಿಲಿಗೆ ಫಳಫಳ ಅಂದದ್ದು.

"ಅರಮನೆ ಎಷ್ಟು ಕಾಣ್ತು?" ಎಂದರು ಮಾವ ಮೆಲ್ಲಗೆ.

"ಗುಂಡಿಯಷ್ಟು."

"ಷರಟಿನ ಗುಂಡಿನೋ, ಕೋಟಿನ ಗುಂಡಿನೋ?"

ಯೋಚಿಸಿದೆ. "ಕೋಟಿಂದು."

"ಕೆರೆ?"

"ನಿಮ್ಮ ಅಂಗೈಯಷ್ಟು."

ಅವರು ಅಂಗೈ ಬಿಡಿಸಿ ನೋಡಿಕೊಂಡರು. ನೋಡುತ್ತಲೇ ಕೇಳಿದರು: "ನಾನು?"

"ಏನು?"

"ಬಯಲಲ್ಲೇ ನಿಂತಿದ್ನಲ್ಲ, ಕೈ ಬೀಸ್ಕೊಂಡು. ನಾನು ಎಷ್ಟು ಕಾಣಿಸ್ದೆ?"

ಇಲ್ಲಿ ಒಂದು ಸುಳ್ಳು ಎಷ್ಟು ಸುಲಭವಾಗಿತ್ತು. ಸೂಜಿಯ ಮೊನೆಯಷ್ಟು ಎಂದರೆ ಮುಗಿದಿತ್ತು, ಚೆಂದವೂ ಆಗುತ್ತಿತ್ತು. ಆದರೆ ಈ ಮನುಷ್ಯನಿಗೆ ಒಂದು ಸುಳ್ಳು ಹೇಳಿ ಏಳು ವರ್ಷ ಅವರದೇ ಅನ್ನ ಉಂಡದ್ದು ಸಾಕಾಗಿತ್ತು.

"ನಾನು ನೋಡಲೇ ಇಲ್ಲ ಮಾವ," ಎಂದೆ. "ಮೇಲೆ ಹೋದ ಮೇಲೆ ನಿಮ್ಮ ನೆನಪೇ ಆಗಲಿಲ್ಲ. ಮರೆತೇಬಿಟ್ಟೆ. ಇಳಿಯೋವರೆಗೂ."

ಮಾವ ತಲೆ ಎತ್ತಿದರು. ಕನ್ನಡಕದ ಹಿಂದೆ ಕಣ್ಣು ದೊಡ್ಡದಾಯಿತು, ಆಮೇಲೆ ಮುಖವೆಲ್ಲ ಅಗಲವಾಯಿತು. ಅವರು ಅಷ್ಟು ನಕ್ಕದ್ದನ್ನು ನಾನು ಎಂದೂ ನೋಡಿರಲಿಲ್ಲ.

"ನನ್ನೇ ಮರ್ತ್‌ಬುಟ್ಯಾ? ಅಂಗಾದ್ರೆ ನಿಜವಾಗ್ಲೂ ಚೆಂದಾಗಿತ್ತು ಅನ್ನು!" ಎಂದರು. ಕಾಲಿನಿಂದ ಸ್ಟೂಲು ನನ್ನ ಕಡೆಗೆ ದೂಡಿದರು. "ಕೂತ್ಕೊ. ಮೊದ್ಲಿಂದ ಹೇಳು. ನೆಲ ಬುಟ್ಟಿದ್ರಿಂದ."

ಕೂತೆ. ಮೊದಲಿನಿಂದ ಹೇಳತೊಡಗಿದೆ. ಒಳಗಿನಿಂದ ಅತ್ತೆ, "ಮುದ್ದೆ ಆರೋಯ್ತದೆ, ಇಬ್ರೂ ಬರ್ತೀರೋ ಇಲ್ವೋ?" ಎಂದು ಕೂಗಿದರು.

"ತಡಿಯೇ," ಎಂದರು ಮಾವ, ನನ್ನ ಮುಖದಿಂದ ಕಣ್ಣು ತೆಗೆಯದೆ. "ಇವಳಿನ್ನೂ ಇಳಿದಿಲ್ಲ."